ಸತ್ಯಾಂಶ: ಬ್ರೋಕರ್ ಕರಾರಿಗೆ ಸಹಿ ಹಾಕಿದರೆ ಮನೆ ಮಾರಲೇಬೇಕೇ?

‘ಬ್ರೋಕರ್ ಕರಾರಿಗೆ ಸಹಿ ಹಾಕಿದ ಮೇಲೆ ಮನೆ ಮಾರಲೇಬೇಕು, ಇಲ್ಲವಾದರೆ ಪೂರ್ತಿ ಕಮಿಷನ್ ತೆರಬೇಕು’ ಎಂದು ಮಂಗಳೂರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಹರಿದಾಡುವ ಸಂದೇಶ ಸರಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 203ನೇ ಕಲಮಿನಂತೆ, ಏಜೆಂಟರು ನಿಮ್ಮನ್ನು ಬದ್ಧರನ್ನಾಗಿಸುವ ವ್ಯವಹಾರ ಮಾಡುವ ಮೊದಲು ಅವರಿಗೆ ಕೊಟ್ಟ ಅಧಿಕಾರವನ್ನು ಸಾಮಾನ್ಯವಾಗಿ ಹಿಂಪಡೆಯಬಹುದು. ವಿಶೇಷ ಷರತ್ತಿಲ್ಲದಿದ್ದರೆ, ಕೆಲಸ ಮುಗಿಯುವವರೆಗೆ ಕಮಿಷನ್ ಕೇಳುವಂತಿಲ್ಲ ಎನ್ನುತ್ತದೆ 219ನೇ ಕಲಂ.

ಹಾಗೆಂದು ಸಂದೇಶ ಪೂರ್ತಿ ಕಟ್ಟುಕತೆಯೂ ಅಲ್ಲ. ಕದ್ರಿಯ ಫ್ಲ್ಯಾಟೊಂದನ್ನು ಮಾರಿಕೊಡಲೆಂದು ಆರು ತಿಂಗಳ ಅವಧಿಗೆ ಒಬ್ಬ ಬ್ರೋಕರರಿಗೇ ಒಪ್ಪಿಸಿ, ತಕ್ಕ ಕಾರಣವಿಲ್ಲದೆ ಎರಡೇ ತಿಂಗಳಿಗೆ ಹಿಂದೆ ಸರಿದರೆ 205ನೇ ಕಲಮಿನಡಿ ಪರಿಹಾರ ಕೊಡಬೇಕಾದೀತು. ಅದು ಪೂರ್ತಿ ಕಮಿಷನ್ನೇ ಆಗಬೇಕೆಂದಿಲ್ಲ. ಸೂಕ್ತ ಮುನ್ಸೂಚನೆಯೂ ಅಗತ್ಯ. ಫೋನಿನಲ್ಲಿ ‘ಬೇಡ ಮಾರಾಯ್ರೇ’ ಎಂದು ಮುಗಿಸುವುದಕ್ಕಿಂತ ಬರಹದಲ್ಲಿ ತಿಳಿಸಿ, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳುವುದು ಮೇಲು. ಖರೀದಿದಾರರಿಂದ ಮುಂಗಡ ಪಡೆದು ಮಾರಾಟದ ಕರಾರುಪತ್ರ ಮಾಡಿಕೊಂಡಿದ್ದರೆ ಪ್ರಶ್ನೆ ಬ್ರೋಕರರದ್ದಷ್ಟೇ ಅಲ್ಲ, ಆ ಖರೀದಿದಾರರದ್ದೂ ಹೌದು. ಖರೀದಿದಾರರು ನ್ಯಾಯಾಲಯದ ಮೆಟ್ಟಿಲೇರಬಹುದು.