ಸಾಲವೇ ಮಾಡದವರಿಗೆ ಮೈನಸ್ ಒಂದು

ಶಿರಸಿಯಲ್ಲಿ ಅಡಿಕೆಗೆ ದರ್ಜೆ ಕಟ್ಟುವುದು ಹೊಸದಲ್ಲ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಅಂತ ಕೈಯಲ್ಲಿ ಹಿಡಿದು ನೋಡಿಯೇ ಹೇಳುತ್ತಾರೆ. ಈಗ ಅಡಿಕೆ ಬೆಳೆದವರಿಗೂ ದರ್ಜೆ ಬಂದಿದೆ. ಸಿಬಿಲ್ ಅಂತ ಹೆಸರು, ಸಾಲ ತೀರಿಸುವ ಆಸಾಮಿಯೋ ಅಲ್ಲವೋ ಅಂತ ಬ್ಯಾಂಕಿನವರು ನೋಡುವ ಅಂಕ. 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರಿಗೆ ಬ್ಯಾಂಕಿನಲ್ಲಿ ಕುರ್ಚಿ, ಚಾ ಎರಡೂ ಸಿಗುತ್ತವೆ.

ನಮ್ಮ ಕಡೆಯ ಭಟ್ಟರೊಬ್ಬರು ಜೀವಮಾನದಲ್ಲಿ ಸಾಲ ಮಾಡಿದವರಲ್ಲ. ಕರೆಂಟ್ ಬಿಲ್ಲನ್ನು ಬಂದ ದಿನವೇ ಕಟ್ಟುತ್ತಾರೆ. ಮೊದಲ ಸಲ ಬ್ಯಾಂಕಿಗೆ ಸಾಲ ಕೇಳಲು ಹೋದರು. ಹುಡುಗ ಕಂಪ್ಯೂಟರ್ ನೋಡಿ, 'ಮೈನಸ್ ಒಂದು ಬಂದಿದೆ' ಅಂದ.

'ಸೊನ್ನೆಗಿಂತ ಕಡಿಮೆಯಾ ತಮಾ? ನಾ ಎಂತ ತಪ್ಪು ಮಾಡಿದ್ದು?'

'ಏನೂ ಮಾಡಿಲ್ಲ ಭಟ್ರೆ. ಅದೇ ತೊಂದರೆ. ನಿಮಗೆ ಸಾಲದ ಹಿಸ್ಟರಿನೇ ಇಲ್ಲ.'

ಭಟ್ಟರು ಸೊಸೈಟಿ ಪಾಸ್‌ಬುಕ್ ತೆಗೆದರು. ಹುಡುಗ ಮುಟ್ಟಲಿಲ್ಲ. ಉಳಿತಾಯ ಎಷ್ಟಿದೆ ಅನ್ನುವುದಕ್ಕೆ ಈ ಅಂಕದಲ್ಲಿ ಜಾಗವೇ ಇಲ್ಲ. ಎಷ್ಟು ಸಾಲ, ಎಂಥೆಂಥಾ ಸಾಲ, ಕಂತು ಹೇಗೆ ಕಟ್ಟಿದಿರಿ, ಇಂಥದ್ದೇ ಲೆಕ್ಕ. ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಶೇ. 30 ದಾಟಬಾರದಂತೆ, ಹಾಗಂತ ಮುಟ್ಟದೇನೂ ಇಡಬಾರದಂತೆ. ಹೀಗೆ ಅಳೆಯುವ ಕಂಪನಿಗಳು ಸಿಬಿಲ್ ಸೇರಿ ದೇಶದಲ್ಲಿ ನಾಲ್ಕಿವೆ. ಒಬ್ಬನೇ ಮನುಷ್ಯನಿಗೆ ನಾಲ್ಕೂ ಕಡೆ ನಾಲ್ಕು ಅಂಕ ಬರಬಹುದು. ಬೇಕಾದ್ದು ಆರಿಸಿಕೊಳ್ಳುವ ಸೌಲಭ್ಯ ಮಾತ್ರ ಇಲ್ಲ.

ಕಾರವಾರಕ್ಕೆ ಇಳಿದರೆ ಇನ್ನೂ ಮಜಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಸರ್ಕಾರದ್ದೇ ನಿಷೇಧ. ಕಂತಿಗೆ ಮಾತ್ರ ಯಾರೂ ನಿಷೇಧ ಹಾಕಿಲ್ಲ. 61 ದಿನ ದೋಣಿ ದಡದಲ್ಲಿ, ಅಂಕ ನೀರಲ್ಲಿ. ವರ್ಷದ ದುಡ್ಡು ಸುಗ್ಗಿಯಲ್ಲಿ ಒಮ್ಮೆಗೇ ಬರುವ ತೋಟದವರದ್ದೂ ಇದೇ ಪಾಡು. ಬ್ಯಾಂಕಿನ ಪಂಚಾಂಗದಲ್ಲಿ ತಿಂಗಳ ಸಂಬಳದವರದ್ದು ಬಿಟ್ಟು ಬೇರೆ ಋತು ಇಲ್ಲ ನೋಡಿ.

ಹಿಸ್ಟರಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಬೇಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಒಳ್ಳೇದಾಯ್ತು. ಇನ್ನು ಎರಡನೇ ಕಾರಣವನ್ನೂ ಹುಡುಕಿ ಇಟ್ಟುಕೊಳ್ಳುತ್ತಾರೆ.

ಹುಡುಗ ಪಾಪ, ದಾರಿ ತೋರಿಸಿದ. ಏನಾದರೂ ಕಂತಿನ ಮೇಲೆ ತಗೊಳ್ಳಿ ಅಂದ. ಭಟ್ಟರು ಫ್ರಿಜ್ ತಂದರು. ಮನೆಯಲ್ಲಿ ಒಂದು ಇತ್ತು, ಇದರಲ್ಲಿ ಅಪ್ಪೆಮಿಡಿ ಭರಣಿ ಇಟ್ಟರು. ಮಾರನೇ ವಾರವೇ ದುಡ್ಡು ಹಿಡಿದು ಬ್ಯಾಂಕಿಗೆ ಬಂದರು.

'ಎಲ್ಲ ಕಂತೂ ಒಟ್ಟಿಗೇ ಕಟ್ಟಿಬಿಡ್ತೆ ತಮಾ, ರಾತ್ರಿ ನಿದ್ದೆ ಬರ್ತಿಲ್ಲೆ.'

ಹುಡುಗ ಎದ್ದೇ ನಿಂತ. 'ಅಯ್ಯೋ, ಹಾಗೆ ಮಾತ್ರ ಮಾಡ್ಬೇಡಿ ಭಟ್ರೆ! ಒಳ್ಳೆಯವರು ಅನಿಸ್ಕೊಳ್ಳೋಕೆ ಇನ್ನೂ ಸ್ವಲ್ಪ ದಿನ ಸಾಲದಲ್ಲೇ ಇರ್ಬೇಕು.'