ಡೋನಾವೂರಿನ ಮಕ್ಕಳನ್ನೂ ನೆನೆಯಿರಿ

ಹಳ್ಳಿ ಮಕ್ಕಳ ನಡುವೆ ಮಿಷನರಿಗಳು ಮಾಡಿದ್ದೆಲ್ಲ ಬರೀ ಮತಾಂತರಕ್ಕೆ ಅಂತ ಬರೆದಿದ್ದೀರಿ. ಅಷ್ಟು ಸುಲಭಕ್ಕೆ ಹೇಳಿಬಿಡಬೇಡಿ ಸರ್. ತಿರುನೆಲ್ವೇಲಿ ಕಡೆಯ ಡೋನಾವೂರನ್ನೇ ನೋಡಿ. ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್ 1895ರಲ್ಲಿ ಮೊದಲು ಬಂದದ್ದು ನಮ್ಮ ಬೆಂಗಳೂರಿಗೆ. ಆಮೇಲೆ ಆ ಕಡೆ ಹೋದರು. 1901ರಲ್ಲಿ ದೇವಸ್ಥಾನದ ಸೇವೆಗೆ ಬಿಟ್ಟಿದ್ದ ಪುಟ್ಟ ಹುಡುಗಿಯೊಬ್ಬಳು ತಪ್ಪಿಸಿಕೊಂಡು ಅವರ ಹತ್ತಿರ ಓಡಿಬಂದಳು. ಅಂಥ ಮಕ್ಕಳಿಗೆ ಡೋನಾವೂರಿನಲ್ಲಿ ಆಶ್ರಯ ಕೊಡೋದು ಅಲ್ಲಿಂದ ಶುರು. ದೇವದಾಸಿ ಪದ್ಧತಿ ನಿಲ್ಲಿಸುವ ಮದ್ರಾಸ್ ಕಾನೂನು ಬಂದದ್ದು 1947ರಲ್ಲಿ, ಅದೂ ಮದ್ರಾಸಿನ ವೈದ್ಯೆ, ಶಾಸಕಿ ಮುತ್ತುಲಕ್ಷ್ಮಿ ರೆಡ್ಡಿಯವರಂಥವರು ಅಷ್ಟು ಹೋರಾಡಿದ ಮೇಲೆ. ಅಲ್ಲಿಯವರೆಗೆ ಆ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು?

ಮಕ್ಕಳೆಲ್ಲ ಏಮಿಯವರನ್ನು ಅಮ್ಮಾ ಅಂತಲೇ ಕರೆಯುತ್ತಿದ್ದರು. 1951ರಲ್ಲಿ ತೀರಿಕೊಂಡರು. ಸಮಾಧಿಗೆ ಕಲ್ಲು ಬೇಡ ಅಂದಿದ್ದರು. ಹಕ್ಕಿಗಳಿಗೆ ನೀರಿಡುವ ಕಲ್ಲಿನ ಬಟ್ಟಲೊಂದನ್ನು ಅಲ್ಲಿಟ್ಟು, ಅದರ ಮೇಲೆ ‘ಅಮ್ಮಾ’ ಅಂತ ಮಾತ್ರ ಕೆತ್ತಿಸಿದ್ದಾರೆ.

ಅಲ್ಲಿ ಮಕ್ಕಳನ್ನು ಕ್ರೈಸ್ತರಾಗಿಯೇ ಬೆಳೆಸಿದರು ಅನ್ನೋದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇವತ್ತು ಬಡವರ ಮಗುವನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳುವವರು ಯಾವ ಧರ್ಮದವರೇ ಆಗಲಿ, ಅಪ್ಪ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಬೇಕು, ಬೇಕಾದಾಗ ಮಗುವನ್ನು ನೋಡಲು ಬಿಡಬೇಕು. ಅದನ್ನು ಗಟ್ಟಿಯಾಗಿ ಕೇಳಿ ಸರ್, ನಾನೂ ಜೊತೆಗಿದ್ದೇನೆ.