ಪಾಪ್‌ಕಾರ್ನ್ ಕೊಂಡರೆ ಸಿನಿಮಾ ಉಚಿತ

ಈಗಿನ ಹುಡುಗರಿಗೆ ಥಿಯೇಟರಿಗೆ ಹೋಗುವ ಹುಮ್ಮಸ್ಸಿಲ್ಲ ಎಂದು ಗೊಣಗುವವರು ಒಂದು ಶನಿವಾರ ಸಂಜೆ ಬೆಂಗಳೂರಿನ ಯಾವುದಾದರೂ ಮಲ್ಟಿಪ್ಲೆಕ್ಸಿಗೆ ಮೊಬೈಲಿನಲ್ಲೇ ನಾಲ್ಕು ಟಿಕೆಟ್ ಮಾಡಿಸಿ ನೋಡಲಿ. ಅಷ್ಟೆಲ್ಲ ದಾಟಿ ಬಂದು ಒಬ್ಬ ಹುಡುಗ ಪರದೆಯ ಎದುರು ಕೂರುತ್ತಾನೆಂದರೆ ಅದನ್ನು ಹುಮ್ಮಸ್ಸು ಎನ್ನುವುದು ಸಣ್ಣ ಮಾತಾಯಿತು. ಹರಕೆ ಎನ್ನಬೇಕು.

ಹರಕೆಯ ಮೊದಲ ಮೆಟ್ಟಿಲು ಸೀಟಿನ ನಕ್ಷೆ. 'ಬೇಗ ತುಂಬುತ್ತಿದೆ' ಎಂದು ಕಿತ್ತಳೆ ಬಣ್ಣದಲ್ಲಿ ಹೆದರಿಸುವ ಷೋ ಒತ್ತಿದರೆ ಒಳಗೆ ಮುಕ್ಕಾಲು ಪಾಲು ಖಾಲಿ. ಸೀಟು ಆರಿಸಿದೊಡನೆ ಗಡಿಯಾರವೊಂದು ಹಿಂದುಹಿಂದಕ್ಕೆ ಓಡತೊಡಗುತ್ತದೆ. ಅದಕ್ಕೆ ನ್ಯಾಯವಾದ ಕೆಲಸವೂ ಇದೆ: ನೀವು ಹಣ ಕಟ್ಟುವವರೆಗೆ ಆ ಸೀಟು ಇನ್ನೊಬ್ಬರ ಪಾಲಾಗದಂತೆ ಕಾಯುವುದು. ಅದರ ಜೊತೆಗೊಂದು ಉಪಕಸುಬು, ಕೆಳಗಿನ ಸಣ್ಣ ಅಕ್ಷರಗಳನ್ನು ನೀವು ಓದದಂತೆ ಓಡಿಸುವುದು. ಅಲ್ಲಿರುವುದು 'ಕನ್ವೀನಿಯನ್ಸ್ ಫೀ', ಅಂದರೆ ಅನುಕೂಲದ ಶುಲ್ಕ. ಯಾರ ಅನುಕೂಲ ಎಂಬುದನ್ನು ಬರೆದಿರುವುದಿಲ್ಲ.

ಟಿಕೆಟ್ಟೊಂದಕ್ಕೆ 30 ರೂಪಾಯಿ ಅಂದುಕೊಳ್ಳಿ. ನಾಲ್ಕಕ್ಕೆ 120, ಅದರ ಮೇಲೆ ಶೇ 18ರ ಜಿಎಸ್‌ಟಿ 21.60, ಒಟ್ಟು 141.60. ಫೋನು ಒಂದೇ, ಪಾವತಿ ಒಂದೇ, ಬರುವ ಕ್ಯೂಆರ್ ಕೋಡೂ ಒಂದೇ. ಅನುಕೂಲ ಮಾತ್ರ ನಾಲ್ಕು ಸಲ ಆಗಿದೆ. ಟಿಕೆಟ್ ರದ್ದು ಮಾಡಿದರೆ ಟಿಕೆಟ್ಟಿನ ಹಣದಲ್ಲಿ ಒಂದಿಷ್ಟು ವಾಪಸು ಬಂದೀತು, ಇದು ಬಾರದು. ಆದ ಅನುಕೂಲವನ್ನು ಹಿಂದಿರುಗಿಸಲು ಬರುತ್ತದೆಯೇ? ಸರಿ, ಕೌಂಟರಿನಲ್ಲೇ ಕೊಳ್ಳೋಣವೆಂದು ಹೋದವರಿಗೆ ಕುರ್ಚಿ ಖಾಲಿ ಕಾಣುತ್ತದೆ, ಗಾಜಿನ ಮೇಲೆ 'ಆ್ಯಪ್‌ನಲ್ಲಿ ಬುಕ್ ಮಾಡಿ' ಎಂಬ ಚೀಟಿ ಕಾಣುತ್ತದೆ.

ಹಣ ಕಟ್ಟುವ ಹೊತ್ತಿಗೆ ಬಿಲ್ಲಿನಲ್ಲಿ ಟಿಕೆಟ್ಟಿಗೆ 1 ರೂಪಾಯಿಯಂತೆ ದಾನವೂ ಸೇರಿಕೊಂಡಿದ್ದರೆ ಅಚ್ಚರಿಪಡಬೇಡಿ. ನೀವು ಟಿಕ್ ಹಾಕಿರಲಿಲ್ಲ, ಟಿಕ್ ತಾನೇ ಬಿದ್ದಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 'ಡಾರ್ಕ್ ಪ್ಯಾಟರ್ನ್'ಗಳ ಮೇಲೆ ಮಾರ್ಗಸೂಚಿ ತಂದು 13 ಬಗೆಯ ಮೋಸಗಳನ್ನು ಹೆಸರಿಟ್ಟು ನಿಷೇಧಿಸಿತು. ಕೇಳದೇ ಬುಟ್ಟಿಗೆ ಏನಾದರೂ ಹಾಕುವುದು ಅದರಲ್ಲೊಂದು, ದಾನವೂ ಅದರೊಳಗೇ ಬರುತ್ತದೆ. ಸುಳ್ಳು ಅವಸರ ಹುಟ್ಟಿಸುವುದು ಇನ್ನೊಂದು. ಬೆಲೆಯನ್ನು ತೊಟ್ಟುತೊಟ್ಟಾಗಿ ಬಿಚ್ಚುವುದು ಮತ್ತೊಂದು. ಪಟ್ಟಿ ಎಷ್ಟು ಸೊಗಸಾಗಿದೆಯೆಂದರೆ ಹೊಸದಾಗಿ ಆ್ಯಪ್ ಮಾಡುವವರು ಪಠ್ಯಪುಸ್ತಕವಾಗಿ ಬಳಸಬಹುದು.

ಈ ಕಷ್ಟ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕುವ ಆದೇಶ ಕರ್ನಾಟಕದಲ್ಲಿ 2017ರಲ್ಲೇ ಬಂದಿತ್ತು. 2025ರ ಬಜೆಟ್ಟಿನಲ್ಲಿ ಅದೇ 200 ಮತ್ತೆ ಬಂತು. ಎಂಟು ವರ್ಷದಲ್ಲಿ ಈರುಳ್ಳಿಯಿಂದ ಆಟೋ ಮೀಟರಿನವರೆಗೆ ಎಲ್ಲ ಏರಿರುವಾಗ ಜಗ್ಗದೆ ನಿಂತ ಬೆಲೆ ಇದೊಂದೇ, ಯಾಕೆಂದರೆ ಯಾರೂ ಆ ಬೆಲೆಗೆ ಮಾರುತ್ತಿರಲಿಲ್ಲ. ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಟಿತು. ಅದರಲ್ಲಿ ಎರಡು ಕಿಂಡಿ. 200 ಎಂದರೆ ತೆರಿಗೆ ಬಿಟ್ಟು. 100 ದಾಟಿದ ಟಿಕೆಟ್ಟಿಗೆ ಶೇ 18 ತೆರಿಗೆಯಾದ್ದರಿಂದ ನಿಮ್ಮ ಕೈಯಿಂದ ಹೋಗುವುದು 236. ಎರಡನೆಯದು, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ಮಿತಿ ಇಲ್ಲ. ಸೀಟು ಕಿತ್ತು ಸೋಫಾ ಹಾಕುವ ಬಡಗಿಗಳಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಖಾತ್ರಿ ಯೋಜನೆ ಇಲ್ಲ.

ಬಡಗಿಗಳು ಉಳಿ ಮಸೆಯುವ ಮೊದಲೇ ಸೆಪ್ಟೆಂಬರ್ 23ಕ್ಕೆ ಹೈಕೋರ್ಟಿನಿಂದ ಮಧ್ಯಂತರ ತಡೆ ಬಂತು. ಸಿನಿಮಾ ವ್ಯಾಜ್ಯಕ್ಕೆ ಮಧ್ಯಂತರವಿರುವುದು ಸಹಜವೇ. ಆಮೇಲೆ ವಿಭಾಗೀಯ ಪೀಠ, ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಿ, ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ನೋಡುಗರಿಗೆ ವಾಪಸಾಗಬೇಕು ಎಂದಿತು. ಹುಡುಗರು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು, ಹಳೆಯ ಟಿಕೆಟ್ಟುಗಳ ಸ್ಕ್ರೀನ್‌ಶಾಟ್ ಹುಡುಕತೊಡಗಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಲೆಕ್ಕದ ಷರತ್ತುಗಳಿಗೂ ತಡೆ ಕೊಟ್ಟಿತು. ಕೊಡುವಾಗ, ನೀರಿಗೆ 100, ಕಾಫಿಗೆ 700 ತೆಗೆದುಕೊಂಡರೆ ಥಿಯೇಟರು ಖಾಲಿಯಾಗುತ್ತವೆ ಎಂದು ಮಾಲೀಕರ ಕಿವಿಯನ್ನೂ ಹಿಂಡಿತು. ನೋಡುಗನ ಪಾಲಿಗೆ ಉಳಿದದ್ದು ಅದೊಂದೇ ಉಚಿತ ಮನರಂಜನೆ.

ಒಳಗೆ ಹೋಗೋಣ. ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತಿಗೆ ಶುರುವಾಗುವುದು ಸಿನಿಮಾ ಅಲ್ಲ, ನಿಮ್ಮ ಮಾರಾಟ. ಈಗ ಪ್ರೊಜೆಕ್ಟರ್ ಕೋಣೆಯಲ್ಲಿ ರೀಲು ಸುತ್ತುವವರಿಲ್ಲ. ಸರ್ವರಿನಲ್ಲಿ ಪ್ಲೇಲಿಸ್ಟ್ ಇರುತ್ತದೆ: ಜಾಹೀರಾತು, ಟ್ರೇಲರ್, ಎಚ್ಚರಿಕೆ, ಮತ್ತೆ ಜಾಹೀರಾತು, ಚಿತ್ರದ ಮೊದಲರ್ಧ, ಮತ್ತೆ ಜಾಹೀರಾತು, ಉಳಿದರ್ಧ. ದೀಪ ಆರುವುದೂ ಹತ್ತುವುದೂ ಅದೇ ಪಟ್ಟಿಯ ಅಪ್ಪಣೆಯಂತೆ. ಹಾಗಾಗಿ ಚಿತ್ರ ನಿಜಕ್ಕೂ ಎಷ್ಟು ಗಂಟೆಗೆ ಶುರು ಎಂಬುದು ಥಿಯೇಟರಿಗೆ ಸೆಕೆಂಡು ಸಮೇತ ಗೊತ್ತು. ನಿಮಗೆ ಹೇಳುವುದಿಲ್ಲ, ಅಷ್ಟೇ. ಹೇಳಿದರೆ ನೀವು ಆ ಹೊತ್ತಿಗೇ ಬಂದುಬಿಡುತ್ತೀರಿ, ಜಾಹೀರಾತನ್ನು ಕುರ್ಚಿಗಳು ನೋಡಬೇಕಾಗುತ್ತದೆ.

ಬೆಂಗಳೂರಿನ ಗ್ರಾಹಕರೊಬ್ಬರು ಇದನ್ನು ಗಡಿಯಾರ ಹಿಡಿದು ಅಳೆದರು. 4.05ರ ಷೋ, ಚಿತ್ರ ಶುರುವಾದದ್ದು 4.30ಕ್ಕೆ. ಗ್ರಾಹಕರ ಆಯೋಗ 2025ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪು: ಮಾನಸಿಕ ಕಿರುಕುಳಕ್ಕೆ 20,000, ವ್ಯಾಜ್ಯದ ಖರ್ಚಿಗೆ 8,000, ಗ್ರಾಹಕ ಕಲ್ಯಾಣ ನಿಧಿಗೆ 1 ಲಕ್ಷ, ಜೊತೆಗೆ ಟಿಕೆಟ್ಟಿನಲ್ಲಿ ಚಿತ್ರದ ನಿಜವಾದ ಸಮಯವನ್ನೇ ಹಾಕಬೇಕು. ಥಿಯೇಟರಿನ ವಾದವೇನು ಗೊತ್ತೇ? ಸಾರ್ವಜನಿಕ ಹಿತದ ಸಂದೇಶಗಳನ್ನು ತೋರಿಸಲು ಕಾನೂನೇ ಹೇಳುತ್ತದಲ್ಲ ಎಂದು. ಅದಕ್ಕೆ 10 ನಿಮಿಷ ಸಾಕಲ್ಲ ಎಂದಿತು ಆಯೋಗ. ಮಾರ್ಚ್‌ನಲ್ಲಿ ಆ ತೀರ್ಪಿಗೂ ಹೈಕೋರ್ಟಿನ ತಡೆ ಬಿತ್ತು. ನಾಲ್ವರು ಗೆಳೆಯರ 25 ನಿಮಿಷವೆಂದರೆ 100 ನಿಮಿಷದ ದೃಷ್ಟಿ. ಅದನ್ನು ಮಾರಿದ ಹಣದಲ್ಲಿ ಅನುಕೂಲದ ಶುಲ್ಕವನ್ನಾದರೂ ಮನ್ನಾ ಮಾಡಬಹುದಿತ್ತು.

ಸಾರ್ವಜನಿಕ ಹಿತಕ್ಕೆ ಅದರದೇ ಅಳತೆಗಳಿವೆ. ತಂಬಾಕು ಕಾಣಿಸುವ ಚಿತ್ರಕ್ಕೆ ಆರಂಭದಲ್ಲಿ ಮತ್ತು ನಡುವೆ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಕನಿಷ್ಠ 20 ಸೆಕೆಂಡಿನ ಎಚ್ಚರಿಕೆ, ಪಾತ್ರ ಸಿಗರೇಟು ಹಚ್ಚಿದೊಡನೆ ಕೆಳಗೆ ಬರಹ. ಕತ್ತರಿಸಿದ ದವಡೆ, ಕಪ್ಪಾದ ಶ್ವಾಸಕೋಶ ನೋಡಿ ಹುಡುಗಿಯರು ಕಣ್ಣು ಮುಚ್ಚಿ, ಹುಡುಗರು ಮುಚ್ಚದಂತೆ ನಟಿಸಿ ಮುಗಿಯಿತೋ, ಪ್ಲೇಲಿಸ್ಟ್ ಮುಂದಕ್ಕೆ ಸರಿಯುತ್ತದೆ. ಹೆಲಿಕಾಪ್ಟರಿನಿಂದ ಇಳಿಯುವ ತಾರೆ, ಬೆಳ್ಳಿ ಲೇಪದ ಏಲಕ್ಕಿ. ಪೊಟ್ಟಣದ ಬಣ್ಣ, ಅಕ್ಷರ, ಹೆಸರು ಎಲ್ಲ ಗೂಡಂಗಡಿಯಲ್ಲಿ ಸರ ಸರವಾಗಿ ತೂಗುವ ಇನ್ನೊಂದು ಪೊಟ್ಟಣದ್ದೇ. ಬಾಡಿಗೆ ಹೆಸರಿನ ಇಂಥ ಜಾಹೀರಾತುಗಳನ್ನು 2022ರ ಜೂನ್‌ನ ಮಾರ್ಗಸೂಚಿ ನಿಷೇಧಿಸಿದೆ. ಮಾರ್ಗ ಇದ್ದಲ್ಲೇ ಇದೆ, ಸೂಚಿಯೂ ಇದ್ದಲ್ಲೇ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಿದ್ದರು. ಏಲಕ್ಕಿಗೆ ಹೋದರೆ ಹೆಲಿಕಾಪ್ಟರೇ ಬರುತ್ತದೆ.

ಇಷ್ಟು ಹೊತ್ತಿಗೆ ಗಂಟಲು ಒಣಗಿರುತ್ತದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಥಿಯೇಟರಿಗಿದೆ, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದಿತು. ನಿಮ್ಮ ಚೀಲದ ಚಕ್ಕುಲಿಯನ್ನು ಬಾಗಿಲಲ್ಲೇ ಕಸಿದುಕೊಳ್ಳುವಾಗ ತೀರ್ಪಿನ ಮೊದಲರ್ಧ ನೆನಪಿರುತ್ತದೆ. ದ್ವಿತೀಯಾರ್ಧ ಶೌಚಾಲಯದ ಪಕ್ಕದ ಮೂಲೆಯಲ್ಲಿ ಲೋಟವಿಲ್ಲದೆ ನಿಂತಿರುತ್ತದೆ. ಕೇಳಿ ಪಡೆಯಿರಿ, ಕೊಡದಿದ್ದರೆ ಜಾಹೀರಾತು ಓಡುವಾಗಲೇ ಮ್ಯಾನೇಜರನ್ನು ಕರೆಸಿ, ಸಮಯ ಹೇಗೂ ಧಾರಾಳ.

ಕೊನೆಗೆ ಮೂಲ ದೇವರ ಸನ್ನಿಧಿ, ಪಾಪ್‌ಕಾರ್ನ್. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಉಪ್ಪು-ಖಾರದ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಪ್ಯಾಕೆಟ್ಟಿನದಕ್ಕೆ ಶೇ 12, ಕ್ಯಾರಮೆಲ್‌ನದಕ್ಕೆ ಶೇ 18 ಎಂದು ಸ್ಪಷ್ಟಪಡಿಸಿದಾಗ ದೇಶದ ಯುವಜನತೆ ಒಂದಾಗಿ ಮೀಮ್ ಮಾಡಿತು. ಸಕ್ಕರೆ ಅಂಟಿದೊಡನೆ ಜೋಳ ಮಿಠಾಯಿಯ ಜಾತಿಗೆ ಸೇರುತ್ತದೆಂಬ ತರ್ಕಕ್ಕೆ ನಗದಿರುವುದು ಕಷ್ಟವೇ. ಆದರೆ ಆ ನಗೆಯ ಸದ್ದಿನಲ್ಲಿ ಒಂದು ಲೆಕ್ಕ ತಪ್ಪಿಹೋಯಿತು. ಥಿಯೇಟರಿನಲ್ಲಿ ಬಿಡಿಯಾಗಿ ಮಾರುವ ತಿನಿಸು ಹೋಟೆಲಿನ ಲೆಕ್ಕಕ್ಕೆ ಬಂದು ಶೇ 5ರ ತೆರಿಗೆಯಲ್ಲಿದೆ. ತೆರಿಗೆ ಸೇರಿ 450 ರೂಪಾಯಿಯ ಟಬ್ಬಿನಲ್ಲಿ ಸರ್ಕಾರದ ಪಾಲು ಹೆಚ್ಚುಕಡಿಮೆ 21. ಉಳಿದ 429ರ ಬಗ್ಗೆ ಒಂದು ಮೀಮೂ ಹುಟ್ಟಲಿಲ್ಲ. (ಟಿಕೆಟ್ಟಿನ ಜೊತೆಗೇ ಕಟ್ಟಿ ಕಾಂಬೋ ಮಾಡಿದರೆ ಪಾಪ್‌ಕಾರ್ನ್‌ಗೂ ಸಿನಿಮಾದ ತೆರಿಗೆಯೇ ಬೀಳಬಹುದು. ಕೆಲವು ಚಿತ್ರಗಳ ಮಟ್ಟಿಗೆ ಇದು ಪಾಪ್‌ಕಾರ್ನ್‌ಗೆ ಅವಮಾನ.)

ವಸ್ತು ನೋಡಿದರೆ, ಕಾಳಿನೊಳಗೆ ಶೇ 13-14ರಷ್ಟು ತೇವ. 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಆ ತೇವ ಹಬೆಯಾಗಿ ಸಿಪ್ಪೆ ಒಡೆದು, ಕಾಳು ಸುಮಾರು 40 ಪಟ್ಟು ಉಬ್ಬುತ್ತದೆ. ಉಬ್ಬಿದ್ದರಲ್ಲಿ ಹೆಚ್ಚಿನದು ಗಾಳಿ. ಆಮೇಲೆ ಬೆಲೆಯನ್ನು ಉಬ್ಬಿಸುವ ಹಂತ: ಸಣ್ಣದು 350, ಮಧ್ಯಮ 430, ದೊಡ್ಡದು 450 ಎಂಬಂತೆ ಫಲಕ ಬರೆಯುತ್ತಾರೆ. ಮಧ್ಯಮ ಇರುವುದು ಮಾರಾಟಕ್ಕಲ್ಲ, 20 ರೂಪಾಯಿ ಹೆಚ್ಚು ಕೊಟ್ಟು ನೀವು ಜಾಣರೆನಿಸಿಕೊಳ್ಳಲಿಕ್ಕೆ. ಜಾಣರು ದೊಡ್ಡದನ್ನೇ ಕೊಂಡು, ಚಿತ್ರ ಶುರುವಾಗುವ ಮೊದಲೇ ಅರ್ಧ ಮುಗಿಸುತ್ತಾರೆ. ಆ 25 ನಿಮಿಷಕ್ಕೆ ಆ ಕಸುಬೂ ಇದೆ. ಉಪ್ಪು ಏರಿದ ಮೇಲೆ 100ರ ನೀರು ತಾನಾಗಿಯೇ ಮಾರಾಟವಾಗುತ್ತದೆ.

ಮಧ್ಯಂತರವಿಲ್ಲದೆ ತಯಾರಾಗಿ ಬಂದ ಇಂಗ್ಲಿಷ್ ಚಿತ್ರಕ್ಕೂ ಇಲ್ಲಿ ಮಧ್ಯಂತರ ಕಡ್ಡಾಯ. ನಾಯಕ ಕಟ್ಟಡದಿಂದ ಜಾರಿದ, ಕೈ ಇನ್ನೇನು ಅಂಚಿಗೆ ಸಿಗಬೇಕು, ದೀಪ ಹತ್ತಿತು. ಅವನು ಗಾಳಿಯಲ್ಲಿ ತೂಗುತ್ತಿರಲಿ, ನಾಚೋಸ್ ಬಿಸಿಯಿದೆ.

ಚಿತ್ರ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಆ್ಯಪು ವಿನಯದಿಂದ ಕೇಳುತ್ತದೆ, 'ಹೇಗಿತ್ತು? 10ಕ್ಕೆ ಎಷ್ಟು?' ಹುಡುಗರು ಚಿತ್ರಕ್ಕೆ 4 ಕೊಟ್ಟು, ಕತೆಯಲ್ಲಿ ಹುರುಳಿಲ್ಲ, ದ್ವಿತೀಯಾರ್ಧ ಎಳೆದಿದ್ದಾರೆ ಎಂದು ನಿರ್ದೇಶಕನನ್ನು ಹರಾಜು ಹಾಕುತ್ತಾರೆ. ಏಲಕ್ಕಿಗೆ, ಟಬ್ಬಿಗೆ, 141.60ಕ್ಕೆ ಅಂಕ ಕೊಡಲು ಅಲ್ಲಿ ಜಾಗ ಇಟ್ಟಿಲ್ಲ.